ಕೆಂಪು ಕಿಮೋ ಡಿಎನ್‌ಎಗೆ ಏನು ಮಾಡುತ್ತದೆ? ಸತ್ಯಾಂಶ

‘ಕೆಂಪು ಕಿಮೋ’ ಎಂಬ ಕೆಂಪು ಬಣ್ಣದ ಕ್ಯಾನ್ಸರ್ ಔಷಧಿ ತಗೊಂಡವರ ಡಿಎನ್‌ಎ ಪೂರ್ತಿ ಬದಲಾಗುತ್ತದೆ, ಜೊತೆಗಿದ್ದವರಿಗೂ ಅಂಟುತ್ತದೆ ಎಂಬ ಸಂದೇಶ ಕಾರವಾರ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು. ಕಳಿಸುವವರದ್ದು ಕಾಳಜಿಯೇ, ಆದರೆ ಹೆದರಿ ಡೋಸ್ ತಪ್ಪಿಸಿದರೆ ರೋಗಿಗೇ ನಷ್ಟ.

ಆ ಔಷಧಿ ಸಾಮಾನ್ಯವಾಗಿ ಡಾಕ್ಸೋರುಬಿಸಿನ್. ಅದರ ಚಪ್ಪಟೆ ಭಾಗ ಡಿಎನ್‌ಎಯ ಬೇಸ್ ಜೋಡಿಗಳ (ಸುರುಳಿ ಏಣಿಯಂಥ ಡಿಎನ್‌ಎಯ ಮೆಟ್ಟಿಲುಗಳ) ನಡುವೆ, ಒತ್ತಾಗಿ ಪೇರಿಸಿದ ಹಂಚುಗಳ ಮಧ್ಯೆ ತೆಳು ಚಕ್ಕೆ ತೂರಿಸಿದ ಹಾಗೆ, ಸೇರಿಕೊಳ್ಳುತ್ತದೆ. ಅಲ್ಲಿ 0.34 ನ್ಯಾನೋಮೀಟರ್ ಇದ್ದ ಅಂತರ ಸುಮಾರು 0.68 ಆಗುತ್ತದೆ, ಸುರುಳಿ ಉದ್ದವಾಗಿ ತುಸು ಬಿಚ್ಚಿಕೊಳ್ಳುತ್ತದೆ. ಅಷ್ಟರಿಂದಲೇ ಬೇಸ್‌ಗಳ ಕ್ರಮ, ಅಂದರೆ ಡಿಎನ್‌ಎಯಲ್ಲಿ ಬರೆದಿರುವ ಮಾಹಿತಿ, ಬದಲಾಗದು. ಆದರೆ ಔಷಧಿ ಹೀಗೆ ಸೇರಿಕೊಂಡಾಗ, ಡಿಎನ್‌ಎ ಕತ್ತರಿಸಿ ಮತ್ತೆ ಬೆಸೆಯುವ ಟೋಪೋಐಸೋಮರೇಸ್ 2 ಕಿಣ್ವ ಬೆಸೆಯಲಾಗದೆ ಸಿಕ್ಕಿಬೀಳುತ್ತದೆ, ಕಡಿದದ್ದು ಕಡಿದಂತೆಯೇ ಉಳಿದು ಕೋಶ ಸಾಯುತ್ತದೆ. ಆರೋಗ್ಯವಂತ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಮುಂದೆ ರಕ್ತದ ಕ್ಯಾನ್ಸರ್ ಬರುವ ಸಣ್ಣ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು.

ಒಂದೆರಡು ದಿನ ಮೂತ್ರ ಕೆಂಪಾಗುವುದು ಔಷಧಿಯ ಬಣ್ಣದಿಂದ. ಮೂತ್ರ, ವಾಂತಿ ತೆಗೆಯುವವರು ಕೈಗವಸು ಹಾಕಿಕೊಳ್ಳಬೇಕು. ಒಟ್ಟಿಗೆ ಕೂತು ಗಂಜಿ ಉಣ್ಣಲು ಅಡ್ಡಿಯಿಲ್ಲ.

ಇಂಥ ಸಂದೇಶ ಬಂದರೆ ಅದರಲ್ಲಿ ಔಷಧಿಯ ಹೆಸರಿದೆಯೇ ನೋಡಿ. ಡಿಸ್ಚಾರ್ಜ್ ಕಾಗದದಲ್ಲಿರುವ ಹೆಸರಿನೊಡನೆ ಹೋಲಿಸಿ, ಔಷಧಿಯ ಮಾಹಿತಿ ಚೀಟಿಯ ಅಡ್ಡಪರಿಣಾಮಗಳ ಭಾಗ ಓದಿ. ತಿಳಿಯದ್ದನ್ನು ಕಿಮೋ ವಾರ್ಡಿನ ನರ್ಸ್ ಹತ್ತಿರ ಕೇಳಿ.