ಸತ್ಯಾಂಶ: ಅಲೆಯಿಲ್ಲದ ನೀರು ಸುರಕ್ಷಿತವೇ?

“ಸಮುದ್ರಕ್ಕೆ ಇಳಿಯುವಾಗ ಅಲೆ ಏಳದ, ಶಾಂತವಾಗಿರುವ ಜಾಗವನ್ನೇ ಆರಿಸಿಕೊಳ್ಳಿ” ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಗೋಕರ್ಣ, ಮುರ್ಡೇಶ್ವರ, ಕಾರವಾರಗಳಿಗೆ ಹೊರಟ ಪ್ರವಾಸಿಗರು ಇದನ್ನು ನಂಬಬಾರದು.

ಅಲೆಗಳು ದಡಕ್ಕೆ ತಂದು ಹಾಕಿದ ನೀರು ಮರಳುದಿಣ್ಣೆಗಳ ನಡುವಿನ ಆಳವಾದ ಹಾದಿಯಲ್ಲಿ ರಭಸದಿಂದ ಕಡಲಿಗೆ ಹಿಂದಿರುಗುತ್ತದೆ; ಇದನ್ನೇ ಸೆಳೆತ ಎನ್ನುತ್ತಾರೆ. ಆಳ ಹೆಚ್ಚಿರುವ ಕಾರಣ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡು ಬದಿಯಲ್ಲಿ ಬಿಳಿ ನೊರೆಯಿದ್ದು, ನಡುವೆ ಮಾತ್ರ ನೀರು ಕಪ್ಪಾಗಿ ಅಥವಾ ಮರಳಿನಿಂದ ಕದಡಿದಂತೆ ಕಂಡು, ಕಸಕಡ್ಡಿ ಹೊರಗೆ ಸಾಗುತ್ತಿದ್ದರೆ ಅದೇ ಸೆಳೆತ. ಓಂ ಬೀಚಿನಂಥ ಕಡೆ ಬಂಡೆಗಳ ಪಕ್ಕದಲ್ಲೂ ಇಂಥ ಸೆಳೆತ ಉಂಟಾಗಬಹುದು. ಕಾಳಿ, ಅಘನಾಶಿನಿ ನದಿಗಳ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಹೊರಹರಿವು ಬಲವಾಗಿರುತ್ತದೆ.

ಸೆಳೆತವು ಮನುಷ್ಯನನ್ನು ತಳಕ್ಕೆ ಎಳೆಯುತ್ತದೆ ಎಂಬುದೂ ತಪ್ಪು. ಅದು ಹೊರಗೆ ಒಯ್ಯುತ್ತದೆ, ಅಷ್ಟೇ. ಆದರೆ ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮೀರುವುದರಿಂದ, ನೇರವಾಗಿ ದಡದತ್ತ ಈಜಲು ಹೋದವರು, ನುರಿತ ಈಜುಗಾರರಾದರೂ, ದಣಿದು ಮುಳುಗುತ್ತಾರೆ. ಸಿಕ್ಕಿಬಿದ್ದವರು ತೇಲುತ್ತ ಕೈ ಎತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವ ಕಡೆಯಿಂದ ದಡ ಸೇರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬಾರದು. ಉಳಿದ ತಿಂಗಳುಗಳಲ್ಲಿ ಇಳಿಯುವ ಮೊದಲು ಜೀವರಕ್ಷಕರನ್ನೋ ಸ್ಥಳೀಯ ಮೀನುಗಾರರನ್ನೋ ವಿಚಾರಿಸಿ, ಅವರು ಬೇಡವೆಂದ ಕಡೆ ಹೋಗಬೇಡಿ.