ಸಮುದ್ರೋಲ್ಲಂಘನೆಗೆ ಪರಿಷ್ಕೃತ ಪ್ರಾಯಶ್ಚಿತ್ತ

ಕಡಲು ದಾಟಿದವರಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದ ಕಾಲವನ್ನು ಉಡುಪಿಯ ಆಸುಪಾಸಿನವರು ಇನ್ನೂ ಪೂರ್ತಿ ಮರೆತಿಲ್ಲ. ಆ ಶಾಸ್ತ್ರ ಎಷ್ಟೇ ಕಠಿಣವಾಗಿದ್ದರೂ ಅದರಲ್ಲೊಂದು ದಾಕ್ಷಿಣ್ಯವಿತ್ತು: ವಿಚಾರಣೆ ನಡೆಯುತ್ತಿದ್ದದ್ದು ಮರಳಿ ಬಂದ ಮೇಲೆ, ಪಂಚಗವ್ಯಕ್ಕೆ ತಗಲುತ್ತಿದ್ದ ಖರ್ಚೂ ಅಷ್ಟರಲ್ಲೇ ಇತ್ತು. ಅಮೆರಿಕ ಸರಕಾರವು ಈ ಶಾಸ್ತ್ರವನ್ನು ಪರಿಷ್ಕರಿಸಿ, ದಕ್ಷಿಣೆಯನ್ನು ಕಡಲು ದಾಟುವ ಮೊದಲೇ ಇಡತಕ್ಕದ್ದು ಎಂದು ವಿಧಿಸಿದೆ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಘೋಷಣೆಯ ಪ್ರಕಾರ, ಹೊರಗಿನಿಂದ ಒಬ್ಬನನ್ನು, ಪರಿಣತ ನೌಕರರಿಗೆಂದಿರುವ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಹೊಸದಾಗಿ ಕರೆಸಿಕೊಳ್ಳುವ ಕಂಪನಿ 1 ಲಕ್ಷ ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ, ತೆರಬೇಕು.

ಶುಕ್ರವಾರ ಸಹಿಯಾದ ಆಜ್ಞೆ ಭಾನುವಾರ, ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 9 ಗಂಟೆ 31 ನಿಮಿಷಕ್ಕೆ, ಜಾರಿಗೆ ಬರುವುದೆಂದು ಮುಹೂರ್ತವಿಡಲಾಗಿತ್ತು. ಆ ಭಾನುವಾರ ಮಹಾಲಯ ಅಮಾವಾಸ್ಯೆ. ಮರುದಿನದಿಂದ ಮಂಗಳೂರಿನ ಕುದ್ರೋಳಿಯಲ್ಲಿ ದಸರಾ. ಹಬ್ಬಕ್ಕೆಂದು ರಜೆ ಹಾಕಿ ಬಂದವರು ಶನಿವಾರ ಬೆಳಿಗ್ಗೆ ಎದ್ದು ನೋಡುವಾಗ, ಮೈಕ್ರೋಸಾಫ್ಟ್, ಅಮೆಜಾನ್‌ನಂತಹ ಕಂಪನಿಗಳು ಹೊರಗಿರುವ ನೌಕರರೆಲ್ಲ ಗಡುವಿನೊಳಗೆ ಮರಳಬೇಕೆಂದು ಸೂಚಿಸಿಯಾಗಿತ್ತು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಅಮೆರಿಕಕ್ಕೆ ನೇರ ವಿಮಾನವಿಲ್ಲ. ಬೆಂಗಳೂರನ್ನೋ ಮುಂಬಯಿಯನ್ನೋ ದುಬೈಯನ್ನೋ ಸುತ್ತಿಕೊಂಡು ಅಷ್ಟು ಹೊತ್ತಿನಲ್ಲಿ ತಲಪಬೇಕಾದರೆ ಹನುಮಂತನೂ ಟಿಕೆಟ್ಟಿಗಾಗಿ ಪರದಾಡಬೇಕಿತ್ತು. ಶುಲ್ಕ ಪ್ರತಿವರ್ಷದ್ದು ಎಂದು ವಾಣಿಜ್ಯ ಕಾರ್ಯದರ್ಶಿಗಳು ಹೇಳಿದ್ದರು. ಅಲ್ಲ, ಒಂದೇ ಸಲದ್ದು, ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸದು ಎಂದು ಶ್ವೇತಭವನ ಮರುದಿನ ತಿಳಿಸಿತು. ಆಜ್ಞೆ ಹೊರಡಿಸುವವರೇ ಅದನ್ನು ಮೊದಲು ಓದಬೇಕೆಂಬ ನಿಯಮ ಯಾವ ಸಂವಿಧಾನದಲ್ಲಿಯೂ ಇಲ್ಲವಾದ್ದರಿಂದ ಯಾರನ್ನೂ ದೂರುವಂತಿಲ್ಲ.

ಅಕ್ಟೋಬರಿನಲ್ಲಿ ಬಂದ ವಿವರಣೆ ಇನ್ನೂ ಸೂಕ್ಷ್ಮವಾದುದು. ಈಗಾಗಲೇ ಅಮೆರಿಕದೊಳಗೆ ವಿದ್ಯಾರ್ಥಿಯಾಗಿದ್ದವನು ಅಲ್ಲಿಯೇ ಕುಳಿತು ಎಚ್-1ಬಿಗೆ ಬದಲಾಯಿಸಿಕೊಂಡರೆ ಶುಲ್ಕವಿಲ್ಲ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ, ಸಾಲ ಮಾಡಿ ಅಲ್ಲಿಗೆ ಎಂಎಸ್ ಓದಲು ಹೋದವನು ಈ ಲೆಕ್ಕದಲ್ಲಿ ಉಚಿತ. ಊರಿನಲ್ಲಿಯೇ ನೌಕರಿ ಹಿಡಿದವನಿಗೆ ಅದೇ ಕೆಲಸ ಕೊಡುವುದಾದರೆ 1 ಲಕ್ಷ ಡಾಲರ್.

ಸ್ಟಾರ್ಟ್‌ಅಪ್‌ಗಳಿಗೆ ಸಂದ ಗೌರವವನ್ನು ಮಾತ್ರ ಅವಸರದಲ್ಲಿ ವರ್ಣಿಸಿ ಮುಗಿಸುವಂತಿಲ್ಲ. ಅದೇ ವರ್ಷದ ಜನವರಿ 17ರಂದು ಜಾರಿಗೆ ಬಂದ ನಿಯಮವು, ವಿದೇಶೀಯನೊಬ್ಬನು ತಾನೇ ಕಟ್ಟಿದ ಕಂಪನಿಯಿಂದ ತನಗೇ ಎಚ್-1ಬಿ ಅರ್ಜಿ ಹಾಕಿಸಿಕೊಳ್ಳಬಹುದೆಂದು ಸ್ಪಷ್ಟಪಡಿಸಿತ್ತು. ಆದರೆ ಅಂತಹ ಯಜಮಾನ ಹೆಚ್ಚಿನ ಹೊತ್ತು ತನ್ನ ಪರಿಣತಿಯ ಕೆಲಸವನ್ನೇ ಮಾಡಬೇಕು, ಮತ್ತು ಮೊದಲ ಅನುಮತಿ 18 ತಿಂಗಳಿಗೆ ಮಾತ್ರ. ಹೊಸ ಕಂಪನಿಯೆಂದರೆ ಬೆಳಿಗ್ಗೆ ಪ್ರೋಗ್ರಾಂ ಬರೆಯುವುದು, ಮಧ್ಯಾಹ್ನ ಬಾಡಿಗೆಯ ಜಗಳ, ಸಂಜೆ ಬಂಡವಾಳ ಬೇಡುವುದು ಎಂದು ತಿಳಿದಿದ್ದವರು ಈ ಕಟ್ಟಳೆಯನ್ನು ಓದಿ ನಕ್ಕರಾದರೂ, ಬಾಗಿಲು ಸ್ವಲ್ಪ ತೆರೆದಿದೆಯಲ್ಲ ಎಂದು ಸಮಾಧಾನಪಟ್ಟಿದ್ದರು. ಎಂಟು ತಿಂಗಳ ಬಳಿಕ ಅದೇ ಬಾಗಿಲಿಗೆ ಲಕ್ಷ ಡಾಲರಿನ ಹೊಸ್ತಿಲು ಬಂತು. ದೈತ್ಯ ಕಂಪನಿಗಳು ಅದನ್ನು ಲೆಕ್ಕಪತ್ರದ ಯಾವುದೋ ಮೂಲೆಯಲ್ಲಿ ಅಡಗಿಸಬಲ್ಲವು; ನಾಲ್ಕೇ ಜನರ ಕಂಪನಿಗೆ ಐದನೆಯವನನ್ನು ಕರೆಸಿಕೊಳ್ಳುವ ದಕ್ಷಿಣೆ ಆತನ ವರ್ಷದ ಸಂಬಳದ ಆಸುಪಾಸಿಗೆ ಬರುತ್ತದೆ. ಸಾಲದ್ದಕ್ಕೆ ವಾರ್ಷಿಕ 85 ಸಾವಿರ ವೀಸಾಗಳ ಚೀಟಿ ಎತ್ತುವಿಕೆಗೂ ಈಗ ತೂಕ ಬಂದಿದೆ: ಅತ್ಯುನ್ನತ ವೇತನ ಶ್ರೇಣಿಯವನ ಹೆಸರು ನಾಲ್ಕು ಸಲ, ಕೆಳಗಿನ ಶ್ರೇಣಿಯವನದು ಒಂದೇ ಸಲ. ಕಡಿಮೆ ಸಂಬಳ ಕೊಟ್ಟು, ಉಳಿದುದಕ್ಕೆ ಷೇರು ತೋರಿಸಿ ಜನರನ್ನು ಸೇರಿಸಿಕೊಳ್ಳುವ ಎಳೆಯ ಕಂಪನಿಯ ಪಾಲಿಗೆ ಆ ಒಂದು ಚೀಟಿಯೇ ಗತಿ.

ಪ್ರತಿಭೆಯನ್ನು ಅಳೆಯುವ ಶುದ್ಧ ಮಾನದಂಡವೂ ಅದೇ ಸೆಪ್ಟೆಂಬರ್ 19ರಂದೇ ಸಿದ್ಧವಾಯಿತು. ಅದರ ಹೆಸರು ಗೋಲ್ಡ್ ಕಾರ್ಡ್. ಸರಕಾರಕ್ಕೆ 10 ಲಕ್ಷ ಡಾಲರ್ ಉಡುಗೊರೆಯಾಗಿ ಕೊಟ್ಟವರಿಗೆ ಕಾಯಂ ವಾಸದ ದಾರಿ ಸುಗಮವಾಗುತ್ತದೆ. ಇದನ್ನು ಹಣಕ್ಕೆ ಮಾರುವುದೆಂದು ಆಡಿಕೊಳ್ಳುವವರು ಆಜ್ಞೆಯನ್ನು ಓದಿಲ್ಲ. ಆ ಉಡುಗೊರೆಯೇ ಅರ್ಜಿದಾರನ ಅಸಾಧಾರಣ ಸಾಮರ್ಥ್ಯಕ್ಕೆ ಸಾಕ್ಷಿ ಎಂದು ಅದರಲ್ಲಿ ಗಂಭೀರವಾಗಿಯೇ ಹೇಳಲಾಗಿದೆ. ಸಂಶೋಧನಾ ಪ್ರಬಂಧ, ಪೇಟೆಂಟು, ಪ್ರಶಸ್ತಿಗಳ ಕಡತ ಹೊತ್ತು ವರ್ಷಗಟ್ಟಲೆ ಕಾಯುತ್ತಿದ್ದ ವಿಜ್ಞಾನಿಗಳು ತಾವು ತಂದದ್ದು ತಪ್ಪು ದಾಖಲೆಯೆಂದು ಈಗಲಾದರೂ ಅರಿತಿರಬಹುದು. ನಮ್ಮೂರಿನ ಕೆಲವು ಕಾಲೇಜುಗಳು ಮ್ಯಾನೇಜ್‌ಮೆಂಟ್ ಸೀಟಿನ ಮೂಲಕ ಇದೇ ತತ್ತ್ವವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರೂ, ಅದನ್ನು ಸಾಮರ್ಥ್ಯವೆಂದು ಬರೆದುಕೊಡುವಷ್ಟು ಧೈರ್ಯ ಅವುಗಳಿಗೆ ಬಂದಿರಲಿಲ್ಲ.

ಡಿಸೆಂಬರ್ 15ರಿಂದ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆಯೂ ಆರಂಭವಾಯಿತು. ಖಾತೆಗಳನ್ನು ಎಲ್ಲರಿಗೂ ತೆರೆದಿಡಬೇಕು. ಅದಕ್ಕೆ ಪುರುಸೊತ್ತು ಬೇಕಾಗಿದ್ದರಿಂದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು, ಪಾಸ್‌ಪೋರ್ಟಿಗೆ ವೀಸಾ ಮುದ್ರೆ ಹಾಕಿಸಿಕೊಳ್ಳಲೆಂದು ಬಂದವರು ಊರಿನಲ್ಲೇ ಸಿಕ್ಕಿಕೊಂಡರು. ಕರಾವಳಿಯವನ ಖಾತೆ ತೆರೆದ ಅಧಿಕಾರಿಯ ಕಷ್ಟವನ್ನೂ ಊಹಿಸಬೇಕು. ಯಕ್ಷಗಾನದಲ್ಲಿ ತೆಂಕುತಿಟ್ಟು ಮೇಲೋ ಬಡಗುತಿಟ್ಟು ಮೇಲೋ ಎಂಬ, ಕೊಲೆಗಿಂತ ಸ್ವಲ್ಪ ಮೊದಲು ನಿಂತ ಚರ್ಚೆ. ಬೆಂಕಿಯ ಹಿನ್ನೆಲೆಯಲ್ಲಿ ಕೋರೆಹಲ್ಲು ತೋರುವ ಬಣ್ಣದ ವೇಷದೊಂದಿಗೆ ಸೆಲ್ಫಿ. ಕೆಸರಿನಲ್ಲಿ ಕೋಣಗಳ ಹಿಂದೆ ಬಾರುಕೋಲೆತ್ತಿ ಓಡುವ ಭಾವನ ವಿಡಿಯೋ. ಇವನು ಅಲ್ಲಿ ಡೇಟಾಬೇಸು ನೋಡಿಕೊಳ್ಳಲು ಬರುತ್ತಿರುವ ನಿರುಪದ್ರವಿಯೆಂದು ಆ ಅಧಿಕಾರಿ ಯಾವ ಆಧಾರದ ಮೇಲೆ ನಂಬಬೇಕು?

ಮಂಗಳೂರನ್ನು ಸಿಲಿಕಾನ್ ಬೀಚ್ ಎಂದು ಕರೆಯುವ ನಮ್ಮವರು ಇದೇ ಸುಸಂದರ್ಭ, ಮಕ್ಕಳೆಲ್ಲ ಮರಳಿ ಬನ್ನಿ ಎಂದು ವೇದಿಕೆಯಲ್ಲಿ ಕರೆಯುತ್ತಾರೆ. ಕೆಳಗಿಳಿದ ಮೇಲೆ ತಮ್ಮ ಮಗನ ಅರ್ಜಿ ಎಲ್ಲಿಗೆ ಬಂತೆಂದು ಏಜೆಂಟರಿಗೆ ಫೋನು ಮಾಡುತ್ತಾರೆ. ಹೊಸ ಕಾನೂನನ್ನು ಸರಿಯಾಗಿ ಓದಿಕೊಂಡವರು ಜಿಲ್ಲೆಯ ಮದುವೆ ದಲ್ಲಾಳಿಗಳು ಮಾತ್ರ. ಗೋತ್ರ, ನಕ್ಷತ್ರ ಕೇಳುವ ಮೊದಲು ಅವರ ಪ್ರಶ್ನೆ ಈಗ ಒಂದೇ: “ಹುಡುಗ ಅಲ್ಲೇ ಓದಿದವನೋ, ಅಲ್ಲ ಇಲ್ಲಿಂದ ಹೋಗ್ಲಿಕ್ಕೆ ಉಂಟೋ ಮಾರಾಯ್ರೆ?” ಎರಡನೆಯದಾದರೆ ಜಾತಕ ಮರಳಿ ಬರುತ್ತದೆ. ಗೋಲ್ಡ್ ಕಾರ್ಡಿನ ವರ ಇನ್ನೂ ಅವರ ಪುಸ್ತಕಕ್ಕೆ ಬಂದಿಲ್ಲವಂತೆ. ಬಂದರೆ ಕಮಿಷನ್ನು ಡಾಲರಿನಲ್ಲಿ, ಅದೂ ಮುಂಗಡವಾಗಿ.