ಕೊರೆಯುವ ಕೆಸರಿಗೆ ಹುಣಸೆ ಬೀಜದ ಪುಣ್ಯ

ತೈಲಬಾವಿ ಕೊರೆಯುವವರು ಪರಿಸರಕ್ಕೆ ಶರಣಾಗಿದ್ದಾರಂತೆ. ಆಗಾಗ ಈ ಶುಭಸುದ್ದಿ ನನ್ನ ಫೋನಿಗೆ ಬಂದು ಬೀಳುತ್ತದೆ. ಒಂದು ಹಸಿರೆಲೆ, ಅದರ ತುದಿಯಲ್ಲಿ ನೀರಿನ ಹನಿ, ಹಿಂದೆ ಕೊರೆಯುವ ಗೋಪುರ, ಗೋಪುರದ ಮೇಲೆ ಹಕ್ಕಿ ಬೇರೆ. ಕೆಳಗೆ ‘ನಿಸರ್ಗಸ್ನೇಹಿ ಪಾಲಿಮರ್’ ಎಂಬ ಬಿರುದು. ಕೊರೆತದ ಆ ಸದ್ದಿನಲ್ಲಿ ಹಕ್ಕಿಯನ್ನು ಒಪ್ಪಿಸಿ ಕೂರಿಸಿದ ಮಹಾನುಭಾವನಿಗೆ ನಮಸ್ಕಾರ.

ಬಾವಿ ಕೊರೆಯುವಾಗ ಒಳಕ್ಕೆ ಕೆಸರು ಪಂಪ್ ಮಾಡುತ್ತಾರಲ್ಲ, ಅವರ ಬಾಯಲ್ಲಿ ‘ಮಡ್’, ಅದರ ಕಥೆ ಇದು. ಕಲ್ಲು ಕೊರೆಯುವ ಮೂತಿ, ಅಂದರೆ ಬಿಟ್, ತಣ್ಣಗಿರಬೇಕು, ಪುಡಿಯಾದ ಕಲ್ಲು ಮೇಲೆ ಬರಬೇಕು, ಒಳಗಿನ ಅನಿಲ ನುಗ್ಗದಂತೆ ಅದುಮಿಡಬೇಕು. ಅದಕ್ಕೆ ಬೆಂಟೊನೈಟ್ ಜೇಡಿ, ತೂಕಕ್ಕೆ ಬೆರೈಟ್ ಎಂಬ ಭಾರದ ಖನಿಜ, ಮಂದವಾಗಲು ಒಂದಿಷ್ಟು ಅಂಟು. ಬಿರುದಿನ ‘ಪಾಲಿಮರ್’ ಇದೇ; ಪುಣ್ಯವೆಲ್ಲ ಈಗ ಈ ಅಂಟಿನಲ್ಲಿದೆ. ಹುಣಸೆ ಬೀಜದ ಅಂಟಿನ ಬಗ್ಗೆ ಧನಬಾದಿನ ಸಂಶೋಧಕರು 2004ರಲ್ಲೇ ಪ್ರಬಂಧ ಬರೆದರು. ಆಮೇಲೆ ಬೇರೆ ದೇಶದವರು ಆಲೂಗಡ್ಡೆ ಸಿಪ್ಪೆ, ಕಿತ್ತಳೆ ಸಿಪ್ಪೆ, ಮೊಟ್ಟೆಯ ಚಿಪ್ಪಿಗೂ ಕೈ ಹಾಕಿದರು. ಬೆಂಗಳೂರಿನ ಕಸದ ಗಾಡಿ ಎಷ್ಟು ಬೆಲೆಬಾಳುವ ವಾಹನ ಅಂತ ನಮಗೇ ತಿಳಿದಿರಲಿಲ್ಲ.

ಗೋರಿಕಾಯಿಯ ವಿಷಯಕ್ಕೆ ಬನ್ನಿ. ಉತ್ತರ ಕರ್ನಾಟಕದವರ ಚವಳಿಕಾಯಿ. ಪಲ್ಯ ಮಾಡಿದರೆ ಮಕ್ಕಳು ತಟ್ಟೆಯಂಚಿಗೆ ತಳ್ಳುವಂಥದ್ದು. ಅದರ ಬೀಜದ ಅಂಟಾದ ಗ್ವಾರ್ ಗಮ್ಮಿಗೆ ಅಮೆರಿಕದ ಶೇಲ್ ಬಾವಿಗಳು, ಅಂದರೆ ಪದರಗಲ್ಲು ಸೀಳಿ ಎಣ್ಣೆ-ಅನಿಲ ತೆಗೆಯುವ ಬಾವಿಗಳು, ಮುಗಿಬಿದ್ದವು. ಜಗತ್ತಿನ ಗ್ವಾರ್‌ನಲ್ಲಿ ಬಹುಪಾಲು ನಮ್ಮ ರಾಜಸ್ಥಾನ, ಹರಿಯಾಣಗಳದ್ದು. 2012ರಲ್ಲಿ ಬೆಲೆ ಏರಿದ ರಭಸಕ್ಕೆ ಮುಂದಿನ ದಿನದ ಮಾಲಿಗೆ ಇಂದೇ ಬೆಲೆ ಕಟ್ಟುವ ವಾಯಿದಾ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ತೈಲಬಾವಿಗಳ ಕೆಲಸ ಮಾಡಿಕೊಡುವ ಅಮೆರಿಕದ ಹ್ಯಾಲಿಬರ್ಟನ್‌ನಂಥ ದೈತ್ಯ ಕಂಪನಿ ಗ್ವಾರ್ ದುಬಾರಿಯಾಗಿ ಲಾಭ ಕುಗ್ಗುತ್ತಿದೆಯೆಂದು ಹೂಡಿಕೆದಾರರೆದುರು ಗೋಳು ತೋಡಿಕೊಂಡಿತು. ಗೋರಿಕಾಯಿಗೆ ಹೆದರಿದ ಮೊದಲ ಬಹುರಾಷ್ಟ್ರೀಯ ಸಂಸ್ಥೆ! ಬೆಲೆ ನೋಡಿದ ರೈತರು ಕಂಡಲ್ಲೆಲ್ಲ ಅದನ್ನೇ ಬಿತ್ತಿದರು, ಬೆಲೆ ನೆಲಕಚ್ಚಿತು. ಆಗ ಯಾವ ಗೋಪುರದ ಹಕ್ಕಿಯೂ ಅವರ ಹೊಲದ ಕಡೆ ಹಾರಲಿಲ್ಲ.

ಇನ್ನೊಂದು ತಮಾಷೆಯಿದೆ. ಗಿಡದ ಅಂಟು ಅಂದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಎರಡು ದಿನ ಬಿಟ್ಟರೆ ಹಳಸಿ ನೀರಾಗುತ್ತದೆ. ಹಾಗಾಗದಿರಲೆಂದು ಗ್ಲುಟರಾಲ್ಡಿಹೈಡ್‌ನಂಥ ಜೀವನಾಶಕ ಬೆರೆಸುತ್ತಾರೆ. ಆಸ್ಪತ್ರೆಯ ಉಪಕರಣಗಳ ಕ್ರಿಮಿ ಕೊಲ್ಲುವುದೂ ಇದೇ ದ್ರವ. ಮಣ್ಣಲ್ಲಿ ತಾನಾಗಿ ಕರಗುತ್ತದೆ ಅಂತ ಕರಪತ್ರದಲ್ಲಿ ಹೊಗಳಿಕೆ, ಕರಗಬಾರದು ಅಂತ ಡ್ರಮ್ಮಿನಲ್ಲಿ ವಿಷ. ಸಾರಾಯಿಗೆ ಸಾವಯವ ನಿಂಬೆಹಣ್ಣು ಹಿಂಡಿ ಆರೋಗ್ಯ ಪಾನೀಯ ಅಂದ ಹಾಗೆ.

ಡೀಸೆಲ್ ಕಲಸಿದ ಹಳೆಯ ಕೆಸರಿಗಿಂತ ಇದು ಎಷ್ಟೋ ಮೇಲು, ಅದನ್ನು ಒಪ್ಪಬೇಕು. ಪ್ರಯೋಗಾಲಯದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಬಾಗ್‌ಜಾನ್ ನೆನಪಾದಾಗ. ಅಸ್ಸಾಮಿನ ತಿನ್ಸುಕಿಯಾದಲ್ಲಿ 2020ರ ಮೇ 27ರಂದು ಸರಕಾರಿ ಕಂಪನಿ ಆಯಿಲ್ ಇಂಡಿಯಾದ ಅಲ್ಲಿನ ಬಾವಿ ಬಾಯಿಬಿಟ್ಟು ಅನಿಲ ಹೊರಗೆ ಚಿಮ್ಮಿತು. ಜೂನ್ 9ರಂದು ಹೊತ್ತಿಕೊಂಡ ಬೆಂಕಿ ಪೂರ್ತಿ ಆರಿದ್ದು ನವೆಂಬರಿನಲ್ಲಿ. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು, ಮಾಗುರಿ-ಮೋಟಾಪುಂಗ್ ಜೌಗಿನ ನೀರಿನ ಮೇಲೆ ಎಣ್ಣೆ ತೇಲಿತು. ಹಸಿರು ನ್ಯಾಯಮಂಡಳಿಯ ಸಮಿತಿ ಹೋಗಿ ನೋಡಿದರೆ, ಜಲ ಮತ್ತು ವಾಯು ಕಾಯ್ದೆಯಡಿ ಬೇಕಾದ ಕಡ್ಡಾಯ ಒಪ್ಪಿಗೆಗಳೇ ಕಂಪನಿಯ ಬಳಿ ಇರಲಿಲ್ಲ. ಯಾವ ಹುಣಸೆ ಬೀಜ ಕಲಸಿದ್ದರೆ ಆ ಕಾಗದ ಹುಟ್ಟುತ್ತಿತ್ತು?

ಅದೇ ವರ್ಷ ಜನವರಿಯಲ್ಲೇ ದೆಹಲಿಯ ಪರಿಸರ ಸಚಿವಾಲಯ, ತೈಲ ಹುಡುಕುವ ಬಾವಿ ಕೊರೆಯಲು ಸಾರ್ವಜನಿಕ ಅಹವಾಲು ಸಭೆ ಬೇಡ ಎಂದು ನಿಯಮ ಸಡಿಲಿಸಿ ಕೂತಿತ್ತು. ಕೆಸರಿಗೆ ಏನು ಕಲಸಬೇಕೆಂದು ಹತ್ತು ಪ್ರಯೋಗ ಮಾಡುತ್ತಾರೆ ಸ್ವಾಮಿ, ಪಕ್ಕದ ಊರಿನವರನ್ನು ಒಂದು ಮಾತು ಕೇಳಲು ಮಾತ್ರ ಇವರಿಗೆ ಪುರಸೊತ್ತಿಲ್ಲ.